ನಾನು ‘ಬೇಸ್’ ಎಂದು ಕೂಗಿದ ದಿನ

1984ನೇ ಇಸವಿ. ಬಸವಕಲ್ಯಾಣದ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ನಾನು ಡ್ರಿಲ್ ಮಾಸ್ತರನಾಗಿದ್ದೆ. ಹೆಸರಿಗಷ್ಟೇ ಡ್ರಿಲ್ ಮಾಸ್ತರ. ರಜೆ ಹಾಕಿದವರ ಕ್ಲಾಸು ಕಾಯುವುದು, ಗಂಟೆ ಹೊಡೆಸುವುದು, ಬಂದ ಕಾಗದಕ್ಕೆಲ್ಲ ಉತ್ತರ ಬರೆಯುವುದು ನನ್ನ ತಲೆಗೇ. ಹುಲಸೂರದಿಂದ ದಿನಾ ಬಸ್ಸಿನಲ್ಲಿ ನಿಂತುಕೊಂಡು ಬಂದು ಮೈದಾನಕ್ಕಿಳಿಯುವ ಹೊತ್ತಿಗೆ ಅರ್ಧ ಜೀವ ಹೋಗಿರುತ್ತಿತ್ತು.

ಅಂಥದ್ದರಲ್ಲಿ ಮೂರು ವರ್ಷದ ಹಿಂದೆ, ಹುಡುಗಿಯರಿಗೆ ಸಾಫ್ಟ್‌ಬಾಲ್ ಕಲಿಸಬೇಕೆಂದು ಮೇಲಿನಿಂದ ಆದೇಶ ಬಂದಿತ್ತು. ಬೇಸ್‌ಬಾಲಿನಂಥದೇ ಆಟ, ಚೆಂಡನ್ನು ಮಾತ್ರ ಕೈ ಕೆಳಗಿನಿಂದ ಬೀಸಿ ಎಸೆಯಬೇಕು. ನಾನೇ ಅದನ್ನು ಕಣ್ಣಿಂದ ಕಂಡವನಲ್ಲ. ಪುಸ್ತಕ ನೋಡಿ ಕಲಿತು ಕಲಿಸಿದೆ. ಓಡಿ ಮುಟ್ಟಬೇಕಾದ ಬೇಸ್‌ಗಳನ್ನು ಎಲ್ಲಿಂದ ತರುವುದು? ಗೋಣಿಚೀಲಕ್ಕೆ ಹೊಟ್ಟು ತುಂಬಿ ಹೊಲಿದು ಇಟ್ಟೆವು. ಹುಡುಗಿಯರ ಬಾಯಲ್ಲಿ ಅವು ಒಂದನೇ ಚೀಲ, ಎರಡನೇ ಚೀಲ, ಮೂರನೇ ಚೀಲ ಆದವು. ನಾನೂ ಹಾಗೇ ಕೂಗುತ್ತಿದ್ದೆ.

ಹೊಡೆದ ಮೇಲೆ ಬ್ಯಾಟು ಬಿಟ್ಟು ಓಡಿ ಅಂದರೆ ಕ್ರಿಕೆಟ್ಟಿನ ಹಾಗೆ ಹೊತ್ತುಕೊಂಡೇ ಓಡುವರು. ಉರುಳಿ ಬಂದ ಚೆಂಡಿಗೆ ಲಂಗ ಒಡ್ಡುವರು. “ಮಂಡಿ ಬಗ್ಗಸು, ಎರಡೂ ಕೈ ನೆಲಕ್ಕ ತಾ, ಚೆಂಡು ಬಿಟ್ಟು ಎತ್ತಾಗೂ ನೋಡಬ್ಯಾಡ” ಎಂದು ಒದರಿ ಒದರಿ ನನ್ನ ಗಂಟಲು ಹೋಯಿತು. ಹೆಚ್ಚು ಬೈಸಿಕೊಂಡವಳು ಮಹಾದೇವಿ. ನಾರಾಯಣಪುರದಿಂದ ನಡೆದು ಬರುತ್ತಿದ್ದ ಹತ್ತನೇ ಕ್ಲಾಸಿನ ಹುಡುಗಿ. ಜೋಳದ ಹೊಲದಲ್ಲಿ ಕವಣೆ ಬೀಸಿ ಹಕ್ಕಿ ಓಡಿಸಿದ ಕೈ, ಎಸೆದರೆ ಗುರಿ ತಪ್ಪುತ್ತಿರಲಿಲ್ಲ. ಆದರೆ ಚೆಂಡು ಹಿಡಿಯಲು ಮಾತ್ರ ಬರಲೊಲ್ಲದು.

ಆ ವರ್ಷ ಹುಮನಾಬಾದಿನಲ್ಲಿ ಪಂದ್ಯ. ಹೊರಡುವ ಮುಂಚೆ ಹೆಡ್‌ಮಾಸ್ತರರು, “ಈ ಸಲ ಗೆದ್ದು ಬರ್ರಿ. ಇಲ್ಲಾಂದ್ರ ಆ ಪೀರಿಯಡ್ ಹೊಲಿಗಿ ಕ್ಲಾಸಿಗೆ ಕೊಡ್ತೀನಿ. ಆಟ ಸಾಕು” ಅಂದುಬಿಟ್ಟರು. ಹುಡುಗಿಯರಿಗೂ ಅದು ಗೊತ್ತಿತ್ತು. ಬಸ್ಸಿನಲ್ಲಿ ಒಬ್ಬಳೂ ಹಾಡು ಹೇಳಲಿಲ್ಲ.

ಪಂದ್ಯ ಕೊನೆಗೆ ಬಂದಾಗ ನಮ್ಮದು ಒಂದು ರನ್ ಹೆಚ್ಚಿತ್ತು. ಎದುರಿನವರಲ್ಲಿ ಇನ್ನೊಬ್ಬಳು ಔಟಾದರೆ ಮುಗಿಯಿತು. ಅವರ ಇಬ್ಬರು ಹುಡುಗಿಯರು ಒಂದನೇ, ಎರಡನೇ ಬೇಸ್ ಮೇಲಿದ್ದರು. ಹೊಡೆದ ಚೆಂಡು ನೆಲ ಕಚ್ಚಿಕೊಂಡು ಮಹಾದೇವಿಯ ಕಡೆಗೇ ನುಗ್ಗಿತು. ಅವಳು ಮಂಡಿ ಬಗ್ಗಿಸಿ, ಎರಡೂ ಕೈ ನೆಲಕ್ಕೆ ತಂದು ಲೀಲಾಜಾಲವಾಗಿ ಹಿಡಿದಳು! ಮೂರನೇ ಬೇಸ್‌ಗೆ ಎಸೆದರೆ ಸಾಕು, ಅಲ್ಲಿಗೆ ಓಡುತ್ತಿದ್ದವಳು ಔಟು, ನಾವು ಗೆದ್ದೆವು. ಸುತ್ತ ಬೇರೆ ಶಾಲೆಗಳ ಮಾಸ್ತರರು, ದೊಡ್ಡ ಅಧಿಕಾರಿಗಳು ಇದ್ದರು. ಅವರೆದುರು ‘ಚೀಲ’ ಅನ್ನಲು ನನಗೆ ನಾಚಿಕೆಯಾಯಿತು. “ಬೇಸ್! ಬೇಸ್!” ಎಂದು ಕೂಗಿದೆ.

ಮಹಾದೇವಿ ತಲೆ ಎತ್ತಿ ನನ್ನ ಕಡೆ ನೋಡಿದಳು. ಮುಖ ತುಂಬ ನಕ್ಕಳು. ಚೆಂಡು ಹಿಡಿದುಕೊಂಡು ಹಾಗೇ ನಿಂತಳು. ಅಷ್ಟರಲ್ಲಿ ಅವರಿಬ್ಬರೂ ಸುತ್ತು ಮುಗಿಸಿ, ಬ್ಯಾಟು ಬೀಸುವ ಜಾಗಕ್ಕೆ ಓಡಿ ಬಂದು ಎರಡು ರನ್ ಮಾಡಿದರು. ನಾವು ಸೋತೆವು.

ತಿರುಗಿ ಬರುವಾಗ ಬಸ್ಸಿನಲ್ಲಿ ನನಗೆ ತಡೆಯಲಾಗಲಿಲ್ಲ. “ಯಾಕವ್ವ, ಚೆಂಡು ಕೈಯಾಗ ಇಟ್ಕೊಂಡು ನಕ್ಕೋತ ನಿಂತಿದ್ದಿ? ತಲಿ ಎಲ್ಲಿ ಇಟ್ಟಿದ್ದಿ?” ಎಂದೆ.

ಅವಳು ತಲೆ ತಗ್ಗಿಸಿ, “ನೀವೇ ಬೇಸ್ ಬೇಸ್ ಅಂದ್ರಲ್ರಿ ಸರ್” ಅಂದಳು. ನಮ್ಮ ಕಡೆ ಚೆನ್ನಾಗಿ ಮಾಡಿದವರಿಗೆ ‘ಬೇಸ್’ ಅನ್ನುತ್ತಾರೆ. ಭಲೇ ಅಂದ ಹಾಗೆ. “ಚಲೋ ಹಿಡದಿ ಅನ್ನಾಕತ್ತಾರ ಅಂತ ತಿಳಕೊಂಡೆ. ಮೂರು ವರ್ಷದಾಗ ಒಮ್ಮಿನೂ ಅಂದಿದ್ದಿಲ್ರಿ ನೀವು. ಅದಕ್ಕ ನಿಂತೆ.”

ನೆನಪು ಮಾಡಿಕೊಳ್ಳಲು ನೋಡಿದೆ. ನಿಜಕ್ಕೂ ಯಾರಿಗೂ ಒಮ್ಮೆಯೂ ಅಂದಿರಲಿಲ್ಲ. ತಪ್ಪು ಹುಡುಕುವುದೇ ಕಲಿಸುವುದು ಅಂದುಕೊಂಡಿದ್ದೆ. ಏನಾದರೂ ಹೇಳಬೇಕಿತ್ತು. ದಣಿದಿದ್ದೆ, ನಾಚಿಕೆಯೂ ಆಗಿತ್ತು, ಕಿಟಕಿಯ ಕಡೆ ಮುಖ ಮಾಡಿ ಕುಳಿತೆ. ಬಸವಕಲ್ಯಾಣದಲ್ಲಿ ಇಳಿದು ಅವಳು, “ಬರ್ತೀನ್ರಿ ಸರ್” ಅಂದಳು. ಹೂಂ ಅಂದೆ.

ಸೋಮವಾರದಿಂದಲೇ ಆಟ ನಿಂತು ಹೊಲಿಗೆ ಶುರುವಾಯಿತು. ಪರೀಕ್ಷೆ ಮುಗಿಸಿ ಹೋದ ಮಹಾದೇವಿಯನ್ನು ಮತ್ತೆ ನಾನು ಕಾಣಲಿಲ್ಲ. ಅಷ್ಟು ಚೆನ್ನಾಗಿ ಚೆಂಡು ಹಿಡಿದವರನ್ನು ನಾನು ಇವತ್ತಿಗೂ ನೋಡಿಲ್ಲ ಎಂದು ಎಷ್ಟೋ ಜನರ ಮುಂದೆ ಹೇಳಿದ್ದೇನೆ. ಅವಳಿಗೊಬ್ಬಳಿಗೆ ಹೇಳಿಲ್ಲ.