ಕೊನೆಯ ಸಾಲಿನ ಪ್ರಶ್ನೆ

ಮೈಸೂರು ವಿಶ್ವವಿದ್ಯಾಲಯದ ಗಂಗೋತ್ರಿ ಕ್ಯಾಂಪಸ್ಸಿನ ಯಾವ ವಿಭಾಗದಲ್ಲೇ ಪಿಎಚ್.ಡಿ. ವೈವಾ ನಡೆಯಲಿ, ಕೊನೆಯ ಸಾಲಿನ ಕಿಟಕಿ ಪಕ್ಕದ ಕುರ್ಚಿ ನಮ್ಮ ರುದ್ರಸ್ವಾಮಿಯವರದು. ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಲೇತ್ ಮೆಷಿನ್ ಮುಂದೆ ನಿಂತೇ ನಿವೃತ್ತರಾದ ಇವರನ್ನು ಯಾರೂ ಕರೆಯುವುದಿಲ್ಲ; ನೋಟಿಸ್ ಬೋರ್ಡಿನ ‘ಆಸಕ್ತರೆಲ್ಲರಿಗೂ ಸ್ವಾಗತ’ ಎಂಬ ಸಾಲನ್ನು ಇಡೀ ಮೈಸೂರಿನಲ್ಲಿ ನಂಬಿ ಬರುವವರು ಇವರೊಬ್ಬರೇ. ಸೋಮವಾರ ಜೇನುಹುಳುವಿನ ಕರುಳು, ಮಂಗಳವಾರ ಗಂಗರ ಕಾಲದ ಕೆರೆಗಳು, ಬುಧವಾರ ಹೂಟಗಳ್ಳಿಯ ಬಾಡಿಗೆದಾರರ ಬದುಕು, ಗುರುವಾರ ಆಕಾಶದ ಕಪ್ಪುಕುಳಿ! “ಏನ್ ಮಜಾ ಕಣ್ರೀ, ಒಂದೇ ಕಾಂಪೌಂಡಿನೊಳಗೆ ಇಷ್ಟೆಲ್ಲಾ!” ಎಂದು ಸೈಕಲ್ ತುಳಿಯುತ್ತಲೇ ನನಗೆ ಕೂಗಿ ಹೇಳುತ್ತಾರೆ. ಗಣಿತದ ವೈವಾದಲ್ಲಂತೂ ಒಂದಕ್ಷರ ಅರ್ಥವಾಗದಿದ್ದರೂ ಬೋರ್ಡು ತುಂಬಿದ ಕೂಡಲೇ ಎದ್ದುನಿಂತು ಚಪ್ಪಾಳೆ ತಟ್ಟಿದರು. “ಸಭಿಕರ ಪ್ರಶ್ನೆ ಏನಾದರೂ ಇದೆಯೇ?” ಎಂದರೆ ಮೊದಲು ಏಳುವ ಕೈ ಇವರದೇ, ಎಲ್ಲರಿಗೂ ಪ್ರಶ್ನೆ ಒಂದೇ: “ಇನ್ನೂ ಗೊತ್ತಾಗ್ದೆ ಉಳಿದಿರೋದು ಏನು?” ಕಪ್ಪೆಗಳ ಕೂಗಿನ ಮೇಲೆ ಐದು ವರ್ಷ ದುಡಿದ ಶಿಲ್ಪಶ್ರೀ ಮೊನ್ನೆ ಈ ಪ್ರಶ್ನೆ ಕೇಳಿ ತನ್ನ ಗೈಡ್ ಮುಖ ನೋಡಿ, “ಎಲ್ಲಾ ಕೂಗ್ತಿರುವಾಗ ಕೆಲವು ಕಪ್ಪೆ ಯಾಕೆ ಸುಮ್ನಿರ್ತವೆ ಅಂತ ಗೊತ್ತಾಗಲಿಲ್ಲ ಸರ್” ಎಂದಳು. ಇವರು ಹಿಗ್ಗಿ ಹೀರೇಕಾಯಿಯಾಗಿ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಆ ಪುಸ್ತಕದ ತುಂಬ ಇರುವುದೆಲ್ಲ ಇಂಥವೇ, ಇನ್ನೂ ಯಾರಿಗೂ ಗೊತ್ತಿಲ್ಲದವು. ಇದ್ಯಾಕೆ ಸ್ವಾಮಿ ಈ ಹುಚ್ಚು ಎಂದು ಹೊರಗೆ ಬಂದ ಮೇಲೆ ಕೇಳಿದೆ. ಸೈಕಲ್ಲಿನ ಸ್ಟ್ಯಾಂಡು ತೆಗೆಯುತ್ತಾ ಹೇಳಿದರು: “ಕಾರ್ಖಾನೆಲಿ ಮೂವತ್ತೆರಡು ವರ್ಷ ಏನೂ ಕೇಳಂಗಿರ್ಲಿಲ್ಲ ಕಣ್ರೀ, ಸುಮ್ನಿದ್ದು ಸುಮ್ನಿದ್ದು ಅಭ್ಯಾಸ ಆಗ್ಬುಟ್ಟಿತ್ತು. ಇಲ್ಲಿ ಅವರೇ ‘ಕೇಳಿ’ ಅಂತಾರೆ!”