ಎತ್ತದೆ ಬಿಟ್ಟ ಸೊಲ್ಲು

ಕೊಪ್ಪ ತಾಲ್ಲೂಕಿನ ಜಯಪುರದಲ್ಲಿ ಬಸ್ ನಿಲ್ಲುವ ಕಡೆ ನನ್ನದೊಂದು ಹೊಲಿಗೆ ಅಂಗಡಿ ಇದೆ. ಅಂಗಡಿ ಅಂದರೆ ಎರಡು ಮೆಷಿನ್ನು, ಬಟ್ಟೆ ಕತ್ತರಿಸುವ ಒಂದು ಮೇಜು, ಬ್ಲೌಸ್ ಕೊಡಲು ಬಂದು ಗಂಟೆಗಟ್ಟಲೆ ಕೂರುವ ಹೆಂಗಸರಿಗಾಗಿ ಒಂದು ಬೆಂಚು. ಮೊನ್ನೆ ಆ ಬೆಂಚಿನ ಮೇಲೆ ಕೂತ ಕಾಲೇಜಿನ ಹುಡುಗಿಯರಿಬ್ಬರು ಮೊಬೈಲಿನಲ್ಲಿ ಏನನ್ನೋ ನೋಡುತ್ತ ಜಗಳಕ್ಕೆ ಬಿದ್ದಿದ್ದರು. ಯಾವುದೋ ದೇಶದಲ್ಲಿ ಹಾಡುಗಾರರು ತಮ್ಮ ರಾಷ್ಟ್ರಗೀತೆಯ ಒಂದು ಸಾಲನ್ನು ಬದಲಿಸಿ ಹಾಡಿಬಿಟ್ಟರಂತೆ. ಅಲ್ಲೆಲ್ಲ ದೊಡ್ಡ ಗಲಾಟೆಯಂತೆ. ಒಬ್ಬಳು ಅದು ಮಹಾಪರಾಧ ಅಂದಳು, ಇನ್ನೊಬ್ಬಳು ಅದರಲ್ಲೇನಿದೆ ಅಂದಳು. ಕೊನೆಗೆ ಇಬ್ಬರೂ ನನ್ನ ಕಡೆ ತಿರುಗಿ, “ನೀವೇ ಹೇಳಿ ಆಂಟಿ, ಯಾರಾದ್ರೂ ಬೇಕು ಅಂತ ಹಂಗ್ ಮಾಡ್ತಾರಾ?” ಎಂದು ಕೇಳಿದರು. ನಾನು ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡಿದ್ದೆ. ಅದನ್ನೇ ನೆಪ ಮಾಡಿಕೊಂಡು ಹೊಲಿಗೆಗೆ ತಲೆ ಬಗ್ಗಿಸಿದೆ.

ಹೇಳುವುದಾದರೂ ಏನು? ಕೆಲವು ವರ್ಷಗಳ ಹಿಂದೆ ಕೊಪ್ಪದ ಮೈದಾನದಲ್ಲಿ, ಬಾವುಟದ ಕೆಳಗೆ ನಿಂತು, ನಾನೂ ಅದೇ ಕೆಲಸ ಮಾಡಿದವಳು. ಮಾಡಿದ್ದಕ್ಕೆ ನನಗೆ ಅಷ್ಟೇನೂ ನಾಚಿಕೆಯಿಲ್ಲ. ಆಮೇಲೆ ನಾನಾಡಿದ ಒಂದು ಮಾತಿಗೆ ಮಾತ್ರ ಇವತ್ತಿಗೂ ನಾಚಿಕೆಯಾಗುತ್ತದೆ.

ನಮ್ಮದು ಮೇಗುಂದದ ಕಡೆಯ ಕೂಲಿ ಮನೆ. ಅಮ್ಮ ಮತ್ತು ಅಮ್ಮನ ಅಕ್ಕ, ಅಂದರೆ ನನ್ನ ದೊಡ್ಡಮ್ಮ, ಕಂಡವರ ಗದ್ದೆಯಲ್ಲಿ ಸಸಿ ನೆಟ್ಟೇ ನಮ್ಮನ್ನೆಲ್ಲ ಸಾಕಿದವರು. ನಟ್ಟಿಯ ದಿನ ಬಂತೆಂದರೆ ನಾನೂ ಶಾಲೆ ತಪ್ಪಿಸಿ ಗದ್ದೆಗಿಳಿಯುತ್ತಿದ್ದೆ. ಎಂಟೊಂಬತ್ತು ಹೆಂಗಸರು ಸಾಲಾಗಿ ಬಗ್ಗಿ, ಸಸಿ ಊರುತ್ತ ಊರುತ್ತ ಹಿಂದಕ್ಕೆ ಹೋಗುವುದು. ದೊಡ್ಡಮ್ಮ ಹಾಡಿನ ಒಂದು ಸಾಲು ಹೇಳುತ್ತಿದ್ದಳು. ಉಳಿದವರು ಅದನ್ನೇ ತಿರುಗಿ ಹೇಳುತ್ತಿದ್ದೆವು. ಇದಕ್ಕೆ ಸೊಲ್ಲೆತ್ತುವುದು ಅನ್ನುತ್ತಿದ್ದೆವು. ಹತ್ತು ಗಂಟೆಗೆ ಗದ್ದೆಯ ಅಂಚಿಗೆ ಕಡುಬು, ಚಟ್ನಿ, ಬೆಲ್ಲದ ಕಾಫಿ ಬರುತ್ತಿತ್ತು. ಕೆಸರುಗೈಯನ್ನು ಕಾಲುವೆಯ ನೀರಿನಲ್ಲಿ ಅದ್ದಿ, ಸೀರೆಗೆ ಒರೆಸಿ, ನಿಂತುಕೊಂಡೇ ತಿನ್ನುತ್ತಿದ್ದೆವು. ಆ ಕಡುಬಿನ ರುಚಿ ಆಮೇಲೆ ಯಾವ ಮದುವೆಮನೆಯ ಊಟದಲ್ಲೂ ನನಗೆ ಸಿಕ್ಕಿಲ್ಲ. ಅದು ಹಸಿವಿನ ರುಚಿ ಅಂತ ನನ್ನ ಗಂಡ ಹಂಗಿಸುತ್ತಾರೆ. ಇರಲಿ, ಹಸಿವೂ ಚೆನ್ನಾಗಿತ್ತು.

ಆ ಹಾಡಿಗೆ ಎರಡು ಕಟ್ಟಳೆ ಇದ್ದವು. ನಿಂತ ನೆಲದ ಹೆಸರು ಹಾಡಿನೊಳಗೆ ಬರಲೇಬೇಕು. ಇವತ್ತು ಒಬ್ಬರ ಗದ್ದೆ, ನಾಳೆ ಇನ್ನೊಬ್ಬರದು. ಹಾಡು ಅದೇ ಆದರೂ ಹೆಸರು ಬೇರೆಯಾಗುತ್ತಿತ್ತು. ಹೆಸರು ಹೇಳದೆ ಗದ್ದೆಯಿಂದ ಮೇಲೆ ಹತ್ತಿದರೆ ನೆಲ ಮುನಿಸಿಕೊಳ್ಳುತ್ತದೆ ಎಂದು ದೊಡ್ಡಮ್ಮ ನಂಬಿದ್ದಳು. ಇನ್ನೊಂದು ಕಟ್ಟಳೆ ಅವಳಿಗೆ ಇದಕ್ಕಿಂತ ದೊಡ್ಡದು. ಹಾಡು ಹೇಳುವವಳು ಏನೇ ಹೇಳಲಿ, ಸೊಲ್ಲೆತ್ತಬೇಕು. ಮರೆತು ಹೇಳಲಿ, ಹೊಸದಾಗಿ ಕಟ್ಟಿ ಹೇಳಲಿ, ಗದ್ದೆಯ ನಡುವೆ ಅವಳನ್ನು ಒಂಟಿಯಾಗಿ ಬಿಡಬಾರದು. ಒಮ್ಮೆ ನಾನು ಯಾವುದಕ್ಕೋ ಮುಖ ಊದಿಸಿಕೊಂಡು ಬಾಯಿ ಮುಚ್ಚಿ ನಿಂತಿದ್ದೆ. ದೊಡ್ಡಮ್ಮ ಕೆಸರುಗೈಯಲ್ಲೇ ಬೆನ್ನಿಗೆ ಒಂದು ಬಾರಿಸಿ, “ಬೇಕಾರೆ ಕೆಲಸ ಬಿಡು, ಸೊಲ್ಲು ಬಿಟ್ರೆ ನಾ ಬಿಡಲ್ಲ” ಎಂದಿದ್ದಳು. ಬೆನ್ನ ಮೇಲೆ ಐದು ಬೆರಳಿನ ಕೆಸರು ಹೊತ್ತುಕೊಂಡೇ ಸಂಜೆಯವರೆಗೆ ಹಾಡಿದೆ.

ಕಾಲ ಕಳೆದ ಹಾಗೆ ಕೆಲವು ಗದ್ದೆಗಳು ತೋಟವಾದವು. ಉಳಿದವಕ್ಕೆ ನಾಟಿ ಮಾಡುವ ಮೆಷಿನ್ ಬಂತು. ಮೆಷಿನ್ನಿಗೆ ಹಾಡು ಬೇಡ, ಡೀಸೆಲ್ ಸಾಕು. ನಾನು ಹೊಲಿಗೆ ಕಲಿತೆ. ದೊಡ್ಡಮ್ಮ ಮದುವೆ, ಸೀಮಂತಗಳಲ್ಲಿ ಹಾಡುತ್ತ ಉಳಿದಳು.

ಹೀಗಿರುವಾಗ ಕೊಪ್ಪದ ಒಂದು ಸಂಘದವರು ಅಂಗಡಿಗೆ ಬಂದರು. ಸ್ವಾತಂತ್ರ್ಯ ದಿನಕ್ಕೆ ಈ ಸಲ ಏನಾದರೂ ಹೊಸದು ಮಾಡಬೇಕಂತೆ, ರಾಷ್ಟ್ರಗೀತೆಯನ್ನು ನಟ್ಟಿ ಹಾಡಿನ ಹೆಂಗಸರಿಂದ ಹೇಳಿಸಬೇಕಂತೆ. ನನ್ನ ಬಾಯಿ ಸುಮ್ಮನಿರಬೇಕಲ್ಲ! “ನಮ್ಮ ದೊಡ್ಡಮ್ಮನ ಗಂಟಲು ಈ ಸೀಮೆಯಲ್ಲೇ ಯಾರಿಗೂ ಇಲ್ಲ” ಎಂದು ಕೊಚ್ಚಿಕೊಂಡೆ. ದೊಡ್ಡಮ್ಮ, ನಾನು, ಹಳೆಯ ಜೊತೆಗಾರ್ತಿಯರು ಮೂವರು, ಹೀಗೆ ಐದು ಜನರಾದೆವು. ಐದೂ ಬ್ಲೌಸು ನಾನೇ ಹೊಲಿದೆ. ಅಂಗಡಿಯಲ್ಲೇ ಅಭ್ಯಾಸ.

ದೊಡ್ಡಮ್ಮನಿಗೆ ಓದಲು ಬಾರದು. ನಾನು ಹೇಳಿಕೊಟ್ಟಿದ್ದನ್ನು ಮೂರೇ ದಿನದಲ್ಲಿ ಬಾಯಿಪಾಠ ಮಾಡಿದಳು. ತೊಂದರೆ ಬಂದದ್ದು ನಿಲ್ಲುವುದರಲ್ಲಿ. ಜನ್ಮವಿಡೀ ಬಗ್ಗಿ ಹಾಡಿದವರಿಗೆ ನೆಟ್ಟಗೆ ನಿಂತರೆ ದನಿಯೇ ಏಳದು. ಅದೂ ಅಲ್ಲದೆ ಒಂದು ಸಾಲು ಮುಗಿದರೆ ಕಾಲು ತಾನಾಗಿಯೇ ಒಂದು ಹೆಜ್ಜೆ ಹಿಂದಕ್ಕೆ ಹೋಗುತ್ತಿತ್ತು. ಹಾಡು ಮುಗಿಯುವುದರೊಳಗೆ ಐದೂ ಜನ ಅಂಗಡಿಯ ಗೋಡೆಗೆ ಒರಗಿರುತ್ತಿದ್ದೆವು. ನಕ್ಕು ನಕ್ಕು ಸಾಕಾಗುತ್ತಿತ್ತು.

ಒಂದು ದಿನ ಅಭ್ಯಾಸದ ನಡುವೆ ದೊಡ್ಡಮ್ಮ ಕೇಳಿದಳು, “ಅಲ್ಲ ಮಾರಾಯ್ತಿ, ಎಲ್ಲೆಲ್ಲಿದೋ ಹೆಸರು ಬಂತು. ನಾವು ನಿಂತ ನೆಲದ್ದು ಎಲ್ಲಿ ಬರ್ತದೆ?”

“ಬರ್ತದೆ ಬರ್ತದೆ” ಎಂದೆ. ಶಾಲೆಯ ಯೂನಿಫಾರಂಗಳ ರಾಶಿ ಮುಂದಿತ್ತು, ತಲೆ ಎತ್ತಲಿಲ್ಲ. ಮಾರನೆಯ ದಿನ ಮತ್ತೆ ಕೇಳಿದಳು. ಅದರ ಮಾರನೆಯ ದಿನವೂ ಕೇಳಿದಾಗ ನನಗೆ ರೇಗಿತು. “ನಿಂಗೆ ಎಲ್ಲಿ ಬೇಕೋ ಅಲ್ಲಿ ಹಾಕ್ಕೊ, ತಲೆ ತಿನ್ಬೇಡ” ಎಂದುಬಿಟ್ಟೆ. ದೊಡ್ಡಮ್ಮ ಸಮಾಧಾನದಿಂದ ತಲೆಯಾಡಿಸಿದಳು. ಕೇಳಿದ್ದಕ್ಕೆ ಉತ್ತರ ಸಿಕ್ಕಿತಲ್ಲ.

ಸ್ವಾತಂತ್ರ್ಯ ದಿನ ಕೊಪ್ಪದ ಮೈದಾನ ತುಂಬಿತ್ತು. ಬಾವುಟ ಬಿಚ್ಚಿಕೊಂಡಿತು, ನಾವು ಶುರು ಮಾಡಿದೆವು. ದೊಡ್ಡಮ್ಮನ ದನಿ ಎಷ್ಟು ಚೆನ್ನಾಗಿ ಎದ್ದಿತ್ತೆಂದರೆ ಮುಂದಿನ ಸಾಲಿನಲ್ಲಿದ್ದ ಶಾಲೆಯ ಮಕ್ಕಳು ತಾವು ಹಾಡುವುದನ್ನು ಬಿಟ್ಟು ಅವಳನ್ನೇ ನೋಡುತ್ತಿದ್ದರು. ಪ್ರಾಂತ್ಯಗಳ ಹೆಸರು ಬಂದವು. ಅವು ಮುಗಿದ ಕೂಡಲೇ, ಉಸಿರು ತೆಗೆದುಕೊಳ್ಳುವ ಆ ಚೂರು ಜಾಗದಲ್ಲಿ, ದೊಡ್ಡಮ್ಮ “ಕೊಪ್ಪ” ಎಂದು ಸೇರಿಸಿದಳು. ರಾಗ ತಪ್ಪಲಿಲ್ಲ. ಹಾಡಿನಲ್ಲಿ ಅದು ಇಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ನಾಲ್ಕೂ ಜನ “ಕೊಪ್ಪ” ಎಂದು ಸೊಲ್ಲೆತ್ತಿದೆವು. ಎತ್ತುತ್ತ ಎಲ್ಲರೂ ಒಂದು ಹೆಜ್ಜೆ ಹಿಂದಕ್ಕೆ ಹೋದೆವು.

ಸಂಜೆಯೊಳಗೆ, ಯಾರೋ ಮೊಬೈಲಿನಲ್ಲಿ ತೆಗೆದ ವಿಡಿಯೋ ಊರೂರಿನ ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡಿತು. ರಾಷ್ಟ್ರಗೀತೆಗೆ ಅವಮಾನ ಅಂದರು. ಸ್ತಬ್ಧವಾಗಿ ನಿಲ್ಲಬೇಕಾದಲ್ಲಿ ಎಷ್ಟು ಹೆಜ್ಜೆ ಹಿಂದೆ ಹೋದೆವೆಂದು ಒಬ್ಬರು ಕೂತು ಎಣಿಸಿ ಹಾಕಿದರು. ಶೃಂಗೇರಿಯವರೊಬ್ಬರು, ಸೇರಿಸುವುದೇ ಆದರೆ ಮೊದಲು ಶೃಂಗೇರಿ ಬರಬೇಕಿತ್ತು ಎಂದು ಬರೆದರು. ನಮ್ಮ ಊರಿನ ಹೆಸರು ಉದ್ದವಾಯಿತೆಂದು ಬಿಟ್ಟಿರಾ ಎಂದು ನರಸಿಂಹರಾಜಪುರದಿಂದ ಇನ್ನೊಬ್ಬರು ಕೇಳಿದರು. ನಮ್ಮ ಮೇಗುಂದದವರಿಗಂತೂ, ಇಲ್ಲಿಯ ಅನ್ನ ಉಂಡು ಅಲ್ಲಿಯ ಹೆಸರು ಹೇಳಿದ ಸಿಟ್ಟು. ಇದೆಲ್ಲ ನಗುವಂಥದ್ದೇ. ಆದರೆ ದಿನ ಕಳೆದ ಹಾಗೆ ಮಾತು ಬಿರುಸಾಯಿತು. ಪೊಲೀಸಿಗೆ ದೂರು ಕೊಡುತ್ತೇವೆ ಅಂದವರೂ ಇದ್ದರು. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು.

ಸಂಘದವರು ದೊಡ್ಡಮ್ಮನನ್ನೂ ನನ್ನನ್ನೂ ಕರೆಸಿದರು. ಅಧ್ಯಕ್ಷರು ಕೆಟ್ಟ ಮನುಷ್ಯರೇನಲ್ಲ, ದೊಡ್ಡಮ್ಮನಿಗೆ ಕುರ್ಚಿ ಎಳೆದು ಕೊಟ್ಟರು. ಮೇಜಿನ ಮೇಲೆ ಒಂದು ಕ್ಷಮಾಪಣೆ ಪತ್ರ ಸಿದ್ಧವಾಗಿತ್ತು. ಆದರೂ ಅವರು ಮೊದಲು ಮೆತ್ತಗೆ ಕೇಳಿದರು, “ಯಾಕಮ್ಮ, ಅದನ್ನ ಎಂತಕ್ಕೆ ಸೇರಿಸಿದ್ದು ನೀವು?”

ದೊಡ್ಡಮ್ಮ ಸೆರಗು ಸರಿಮಾಡಿಕೊಂಡು, “ನಿಂತ ನೆಲದ ಹೆಸ್ರು ಹೇಳ್ದೆ ಹಾಡು ಮುಗಿಸ್ಬಾರ್ದು ಅಯ್ಯಾ” ಎಂದಳು. ಎಂದವಳು ನನ್ನ ಕಡೆ ನೋಡಿದಳು. ಮುಂದಿನದನ್ನು ನಾನು ಎತ್ತಲಿ ಎಂದು ಕಾಯುತ್ತಿದ್ದಳು. ಆ ಕಟ್ಟಳೆಯನ್ನು ಬಿಡಿಸಿ ಹೇಳಬಲ್ಲವಳು, ‘ಹಾಕ್ಕೊ’ ಎಂದಿದ್ದವಳೂ ಆ ಕೋಣೆಯಲ್ಲಿ ನಾನೊಬ್ಬಳೇ ಇದ್ದೆ.

ನಾನು ಹೇಳಿದ್ದು ಇಷ್ಟು: “ಅವ್ರಿಗೆ ಓದು ಬರಹ ಇಲ್ಲ ಸಾರ್. ಎಂತದೂ ಗೊತ್ತಾಗಲ್ಲ. ಬಾಯಿಗೆ ಬಂದದ್ದು ಹಾಡಿದಾರೆ.”

ಕೋಣೆ ಹಗುರವಾಯಿತು. ಯಾರೋ “ಪಾಪ” ಅಂದರು, ಯಾರೋ ನಕ್ಕರು. ಪತ್ರದಲ್ಲಿ ‘ತಿಳುವಳಿಕೆ ಇಲ್ಲದೆ’ ಎಂದು ಇನ್ನೊಂದು ಮಾತು ಸೇರಿತು. ದೊಡ್ಡಮ್ಮ ಹೆಬ್ಬೆಟ್ಟು ಒತ್ತಿದಳು. ನಾನು ಇಂಗ್ಲಿಷಿನಲ್ಲಿ ಸಹಿ ಹಾಕಿದೆ. “ಹಾಕ್ಕೊ ಅಂದಿದ್ದು ಇವಳೇ” ಎಂದು ಅವಳು ಒಂದೇ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಳು. ಇಳಿಯುವ ಮೊದಲು, “ನಾ ಬಾಯಿಗೆ ಬಂದದ್ದು ಹಾಡಿದ್ದಲ್ಲ” ಎಂದಳು, ಅಷ್ಟೇ. ಗಲಾಟೆ ಹದಿನೈದು ದಿನದಲ್ಲಿ ಆರಿಹೋಯಿತು. ಆದರೆ ದೊಡ್ಡಮ್ಮ ಹಾಡುವುದನ್ನು ನಿಲ್ಲಿಸಿದಳು. ನಮ್ಮದೇ ಮನೆಯ ಸೀಮಂತದಲ್ಲಿ ಎಲ್ಲರೂ ಅಂಗಲಾಚಿದರೂ, “ನಂಗೆ ಎಂತದೂ ಗೊತ್ತಾಗಲ್ಲ” ಎಂದು ಎಲೆ ಅಡಿಕೆ ಮಡಿಸುತ್ತ ಕೂತಳು. ನನ್ನ ಮಾತು ನನಗೇ ತಿರುಗಿ ಬಂದಿತ್ತು. ಬೈದಿದ್ದರೆ, ಹಳೆಯ ಹಾಗೆ ಬೆನ್ನಿಗೆ ಬಾರಿಸಿದ್ದರೆ ನೆಮ್ಮದಿಯಾಗಿರುತ್ತಿದ್ದೆ.

ಮುಂದಿನ ನಟ್ಟಿಯಲ್ಲಿ, ಮೆಷಿನ್ ತಿರುಗಲಾಗದ ಒಂದು ಮೂಲೆಗದ್ದೆ ನೆಡಲು ಅವಳಿಗೆ ಕರೆ ಬಂತು. ಇನ್ನೊಬ್ಬರು ಬೇಕಿತ್ತು. ನಾನು ಅಂಗಡಿಗೆ ಬೀಗ ಹಾಕಿ ಹೋದೆ. ಎಷ್ಟೋ ವರ್ಷದ ಮೇಲೆ ಕೆಸರಿಗೆ ಕಾಲಿಟ್ಟರೆ ಅದೇ ತಂಪು, ಅದೇ ವಾಸನೆ. ಸೊಂಟ ಮಾತ್ರ ಅದೇ ಅಲ್ಲ. ಇಬ್ಬರೂ ನೆಡುತ್ತ ಹಿಂದೆ ಸರಿದೆವು. ಅರ್ಧ ಗದ್ದೆಯಾಯಿತು. ದೊಡ್ಡಮ್ಮ ಹಾಡಿಗೆ ಬಾಯಿ ಬಿಚ್ಚಲಿಲ್ಲ. ತಡೆಯಲಾಗದೆ ನಾನೇ ಹಾಡು ಎತ್ತಿದೆ. ಹುಟ್ಟಿದ ಮೇಲೆ ಮೊದಲ ಸಲ ಮುಂದಾಗಿ ಹಾಡಿದ್ದು. ಒಂದು ಸಾಲು ಹೇಳಿ ಕಾದೆ. ಸೊಲ್ಲು ಬರಲಿಲ್ಲ. ಇನ್ನೊಂದು ಹೇಳಿದೆ. ಇಲ್ಲ. ಮೂರನೆಯದರಲ್ಲಿ ಆ ಗದ್ದೆಯ ಹೆಸರು ಸೇರಿಸಿದೆ. ನನ್ನ ದನಿ ಅಲ್ಲೇ ಗದ್ದೆಯ ಮೇಲೆ ನಿಂತುಹೋಯಿತು, ಎತ್ತಿಕೊಳ್ಳುವವರಿಲ್ಲ. ಅಂಚಿನ ಮೇಲೆ ಕೂತಿದ್ದ ಗದ್ದೆಯ ಯಜಮಾನರು ತಿರುಗಿ ನೋಡಿದರು. ಎಲ್ಲಾದರೂ ಹೂತುಹೋಗೋಣ ಅನ್ನಿಸಿತು. ಕಣ್ಣಲ್ಲಿ ನೀರು ಬಂತು. ಕೆಸರುಗೈ, ಒರೆಸಿಕೊಳ್ಳುವ ಹಾಗೂ ಇರಲಿಲ್ಲ.

ದೊಡ್ಡಮ್ಮ ಬಗ್ಗಿದಲ್ಲಿಂದಲೇ ಕೇಳಿದಳು, “ಗೊತ್ತಾಯ್ತನಾ ಈಗ, ಹೆಂಗಾಗ್ತದೆ ಅಂತ?”

“ಗೊತ್ತಾಯ್ತು ದೊಡ್ಡಮ್ಮ.”

“ಹಂಗಾರೆ ಹೆಸ್ರು ಇನ್ನೊಂದ್ಸಲ ಹೇಳು. ಗಟ್ಟಿ ಹೇಳು.”

ಹೇಳಿದೆ. ದೊಡ್ಡಮ್ಮ ಸೊಲ್ಲೆತ್ತಿದಳು.