ಸೀಟಿನ ತುದಿಯಲ್ಲಿ ಕೂತ ದಿನ

ಕೊರೊನಾ ಮುಗಿದು ಕಾರ್ಖಾನೆಗಳು ಮತ್ತೆ ತೆರೆದ ಮರುವರ್ಷದ ಮಾತು. ಕಾಮಾಕ್ಷಿಪಾಳ್ಯದಲ್ಲಿ ಕಾರಿನ ಸೀಟಿಗೆ ಕವರ್ ಹೊಲಿಯುವ ಸಣ್ಣ ಕಾರ್ಖಾನೆಯಲ್ಲಿ ನನಗೆ ಕೆಲಸ. ಹೊಲಿಗೆಯಲ್ಲ, ಹೊಲಿದ ಮೇಲೆ ಉಳಿದ ದಾರ ಕತ್ತರಿಸುವುದು. ನಾನು ಓದಿದ್ದು ಮೂರನೇ ಕ್ಲಾಸು. ಬರೆದದ್ದರಲ್ಲಿ ತಪ್ಪಿದ್ದರೆ ಪತ್ರಿಕೆಯವರು ನೀವೇ ತಿದ್ದಿಕೊಳ್ಳಿ.

ಆಗ ಒಂದು ಕಾರು ಕಂಪನಿಯವರು ಹೊಸ ಕಾರು ಮಾಡುತ್ತಿದ್ದರು. ಮಂಡಿನೋವಿನ ಮುದುಕರೂ ಸಲೀಸಾಗಿ ಹತ್ತಿ ಇಳಿಯುವಂಥ ಸೀಟು ಬೇಕಿತ್ತಂತೆ. ಸ್ಪಂಜು ನಾಯಂಡಹಳ್ಳಿಯ ಒಂದು ಕಾರ್ಖಾನೆಯವರದು, ಕವರ್ ನಮ್ಮದು, ಡ್ರಾಯಿಂಗ್ ಕಂಪನಿಯದು. ಮೂರು ಕಡೆಯವರೂ ಸೇರಿ ನೋಡೋಣವೆಂದು ಒಂದು ದಿನ ನಮ್ಮಲ್ಲಿಗೇ ಬಂದರು. ಕಬ್ಬಿಣದ ಚೌಕಟ್ಟಿಗೆ ಸೀಟು ಕೂರಿಸಿ, ಪಕ್ಕಕ್ಕೆ ಕಾರಿನ ಬಾಗಿಲೊಂದನ್ನು ಜೋಡಿಸಿದರು. ಕೂತು ನೋಡುವುದಕ್ಕೆ ಒಬ್ಬ ಮುದುಕಿ ಬೇಕು. ಅಲ್ಲಿದ್ದ ಮುದುಕಿ ನಾನೊಬ್ಬಳೇ.

ಓನರ್ ಶಿವಣ್ಣ ನನ್ನನ್ನು ಪಕ್ಕಕ್ಕೆ ಕರೆದರು. "ಗೌರಮ್ಮ, ಇವತ್ತು ಓಕೆ ಆಗ್ಲಿಲ್ಲ ಅಂದ್ರೆ ಈ ಕೆಲಸ ಹೊಸೂರಿನವ್ರಿಗೆ ಹೋಗುತ್ತೆ. ಆಮೇಲೆ ನಾವೆಲ್ಲ ಕೈ ಕಟ್ಕೊಂಡು ಕೂರ್ಬೇಕು. ಯೋಚ್ನೆ ಮಾಡಿ ಮಾತಾಡಿ."

"ನೋವಾದ್ರೆ ನೋವು ಅಂತೀನಿ ಸಾರ್. ಸುಳ್ಳು ಹೇಳೋಕೆ ಬೇರೆಯವ್ರನ್ನ ಕೂರ್ಸಿ" ಎಂದೆ.

ಕೂತೆ. ಎದ್ದೆ. ಮತ್ತೆ ಕೂತೆ. ಕಂಪನಿಯಿಂದ ಬಂದಿದ್ದ ಎಂಜಿನಿಯರ್ ಹುಡುಗಿ ದೀಪಾ ನೆಲಕ್ಕೆ ಮಂಡಿಯೂರಿ, "ಎಲ್ಲಿ ನೋಯುತ್ತೆ ಅಜ್ಜಿ?" ಎಂದಳು. ಗಂಡ ಹೋದ ಮೇಲೆ ಆ ಮಾತನ್ನು ನನ್ನನ್ನು ಕೇಳಿದವರಿಲ್ಲ. ಕ್ಲಿನಿಕ್ಕಿನ ಡಾಕ್ಟರು ಕೇಳುತ್ತಾರೆ, ನಾನು ಹೇಳಿ ಮುಗಿಸುವುದರೊಳಗೆ ಮಾತ್ರೆ ಬರೆದಿರುತ್ತಾರೆ. ಇವಳು ಕಾದಳು. ತೊಡೆಯ ಕೆಳಗೆ ಒತ್ತುತ್ತದೆ, ಕಾಲು ಜೋಮು ಹಿಡಿಯುತ್ತದೆ ಎಂದೆ.

ನಾಯಂಡಹಳ್ಳಿಯವರು ಸ್ಪಂಜಿನ ಮುಂತುದಿಯನ್ನು ಸ್ವಲ್ಪ ಕತ್ತರಿಸಿದರು. ನಮ್ಮ ಟೈಲರು ಕವರ್ ಬಿಚ್ಚಿ ಚಿಕ್ಕದು ಮಾಡಿದ. ಕೂತೆ. ಈಗಲೂ ಒತ್ತಿತು. ಮತ್ತೆ ಕತ್ತರಿಸಿದರು. ಈ ಸಲ ಜಾರಿ ಬೀಳುವ ಹಾಗಾಯಿತು. ತಂದಿದ್ದ ಸ್ಪಂಜು ಅದೊಂದೇ. ಅದೂ ಕೆಟ್ಟಿತು.

"ಏನಮ್ಮ ನೀನು! ಎಲ್ಲರ ಅನ್ನಕ್ಕೂ ಕಲ್ಲು ಹಾಕ್ತೀಯಲ್ಲ!" ಎಂದು ಓನರ್ ಕೂಗಿದರು.

ದೀಪಾ ಮಾತ್ರ ನನ್ನ ಬೆನ್ನನ್ನೇ ನೋಡುತ್ತಿದ್ದಳು. "ಅಜ್ಜಿ, ನೀವು ಹಿಂದಕ್ಕೆ ಒರಗೇ ಇಲ್ವಲ್ಲ. ಆಗ್ಲಿಂದ ತುದೀಲೇ ಕೂತಿದೀರ."

"ಓನರ್ ನಿಂತಿರೋವಾಗ ನಾನು ಒರಗಿ ಕೂರೋದಾ? ಚೆನ್ನಾಗ್ ಹೇಳ್ದೆ ಕಣಮ್ಮ!"

ಟೈಲರು ಕಿಸಕ್ಕನೆ ನಕ್ಕ. ದೀಪಾ ಓನರ್ ಕಡೆ ತಿರುಗಿದಳು. "ಅಜ್ಜೀದೇನೂ ತಪ್ಪಿಲ್ಲ ಸಾರ್. ಎಲ್ರೂ ಒರಗೇ ಕೂರ್ತಾರೆ ಅಂದ್ಕೊಂಡು ನಾವು ಡ್ರಾಯಿಂಗ್ ಮಾಡಿದೀವಿ. ನಮ್ಮಜ್ಜಿನೂ ಕಾರಲ್ಲಿ ಹಿಂಗೇ ಕೂರೋದು. ನಾನೇ ಗಮನಿಸಿರ್ಲಿಲ್ಲ."

ನಾಯಂಡಹಳ್ಳಿಯಿಂದ ಇನ್ನೊಂದು ಸ್ಪಂಜು ತರಿಸಿದರು. ತುದಿಯಲ್ಲಿ ಕೂತರೂ ಒತ್ತದ ಹಾಗೆ ಮುಂದಿನ ಭಾಗಕ್ಕೆ ಮೆತ್ತನೆಯದನ್ನು ಅಂಟಿಸಿದರು. ದೀಪಾ ಓನರ್‌ಗೂ ಒಂದು ಸ್ಟೂಲು ಹಾಕಿಸಿ ಕೂರಿಸಿದಳು. ಮೊದಲು ತುದಿಯಲ್ಲಿ ಕೂತೆ, ಆಮೇಲೆ ಒರಗಿದೆ. ಬೆನ್ನು ಪೂರ್ತಿ ತಾಗಿತು. ನನ್ನ ರೂಮಿನಲ್ಲಿ ಒರಗುವುದಕ್ಕೆ ಗೋಡೆಯಿದೆ, ಅದು ತಣ್ಣಗಿರುತ್ತದೆ. ಎಲ್ಲಿ ನೋಯುತ್ತೆ ಎಂದು ಅವಳು ಮತ್ತೆ ಕೇಳಿದಳು. ಎಲ್ಲೂ ಇಲ್ಲ ಎಂದೆ. ಅದು ಸುಳ್ಳಲ್ಲ. ಸಂಜೆಯೊಳಗೆ ಓಕೆ ಆಯಿತು. ಓನರ್ ಎಲ್ಲರಿಗೂ ಬೋಂಡ ತರಿಸಿದರು. ನನ್ನನ್ನು ಬೈದದ್ದು ಅವರಿಗೆ ಮರೆತೇಹೋಗಿತ್ತು.

ಹೊರಡುವಾಗ ದೀಪಾ, "ಕಾರು ರಸ್ತೆಗೆ ಬರೋವರ್ಗೂ ಇದು ಗುಟ್ಟು ಅಜ್ಜಿ. ಮನೇಲೂ ಯಾರಿಗೂ ಹೇಳ್ಬೇಡಿ" ಎಂದಳು.

"ಹೇಳೋಕೆ ಮನೇಲಿ ಯಾರಿದಾರಮ್ಮ?"

ಎಲ್ಲರೂ ನಕ್ಕರು. ನಾನು ನಗಿಸಲು ಹೇಳಿದ್ದಲ್ಲ.

ಅವಳು ಮತ್ತೆ ಬರಲಿಲ್ಲ. ಅವಳ ಕೆಲಸ ಮುಗಿದಿತ್ತು, ಯಾಕೆ ಬರುತ್ತಾಳೆ? ಆ ಕಾರು ಈಗ ಮಾಗಡಿ ರಸ್ತೆಯಲ್ಲಿ ಓಡಾಡುತ್ತಿದೆ. ಮೊನ್ನೆ ಬಸ್ ಸ್ಟಾಪಿನಲ್ಲಿ ಪಕ್ಕದ ಹೆಂಗಸಿಗೆ ತೋರಿಸಿ, "ಅದರ ಸೀಟಲ್ಲಿ ಎಲ್ರಿಗಿಂತ ಮೊದ್ಲು ಕೂತೋಳು ನಾನು" ಎಂದೆ. "ಹೌದಾ ಆಂಟಿ" ಎಂದು ಅವಳು ತನ್ನ ಬಸ್ಸು ಹತ್ತಿದಳು.

ಗುಟ್ಟು ಕಾಯುವುದು ನನಗೆ ಕಷ್ಟವಾಗಲಿಲ್ಲ. ಇನ್ನು ಹೇಳಬಹುದು ಎಂದಾದ ಮೇಲೇ ಕಷ್ಟವಾದದ್ದು. ಅದಕ್ಕೇ ನಿಮಗೆ ಬರೆದು ಕಳಿಸಿದೆ.